ಆರ್ನಿಯ ಎದೆನೋವೂ ದೊಡ್ಡವರ ನೀತಿಬೋಧೆಯೂ

“ಆಸೆಪಟ್ಟರು, ಕೆಟ್ಟರು, ಅವರಿಗೆ ಹಾಗೇ ಆಗಬೇಕಿತ್ತು!” ಇದು ದೊಡ್ಡ ಮನುಷ್ಯರ ತೀರ್ಪು. ಲಂಡನ್ನಿನ ಪೆಕಮ್ ಕೇರಿಯ ಚಿಲ್ಲರೆ ವ್ಯಾಪಾರಿಗಳ ತಲೆಯನ್ನು ಒಬ್ಬ ಠಕ್ಕ ನುಣ್ಣಗೆ ಬೋಳಿಸಿದ ಕಥೆಯನ್ನು ಟೆಲಿವಿಷನ್ನಿನಲ್ಲಿ ನೋಡಿ, ಹೊಟ್ಟೆ ಹುಣ್ಣಾಗುವಂತೆ ನಕ್ಕು, ಕಣ್ಣೊರೆಸಿಕೊಳ್ಳುತ್ತ ಅವರು ಆಡುವ ಮಾತು ಇದೇ. ಪ್ರಾಮಾಣಿಕನನ್ನು ಯಾರೂ ಮೋಸಗೊಳಿಸಲಾರರು ಎಂಬುದು ಇಂಗ್ಲಿಷರಲ್ಲಿ ಹಳೆಯ ನುಡಿ. ಈ ನುಡಿಯನ್ನು ಕಟ್ಟಿದವನು ಪ್ರಾಮಾಣಿಕನಲ್ಲ, ಯಾವನೋ ಪಳಗಿದ ಠಕ್ಕನೇ ಇರಬೇಕೆಂಬುದು ನಮ್ಮ ಗುಮಾನಿ. ಕದ್ದ ಮೇಲೆ ಕಳೆದುಕೊಂಡವನ ಮೇಲೇ ತಪ್ಪು ಹೊರಿಸಲು ಇದಕ್ಕಿಂತ ಅನುಕೂಲವಾದ ಮಾತು ಬೇರೆ ಯಾವುದಿದೆ?

ಕಥೆ ಇದು. ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಎಂಬ ನಗೆನಾಟಕದ ಸರಣಿಯನ್ನು ಬಿ.ಬಿ.ಸಿ.ಯವರು 1981ರಲ್ಲಿ ಆರಂಭಿಸಿದರು. ಈ ಲೋಕದಲ್ಲಿ ದುಡಿಯುವವರು ಮೂರ್ಖರೂ ಕುದುರೆಗಳೂ ಮಾತ್ರ ಎಂಬ ನುಡಿಗಟ್ಟಿನಿಂದ ಎತ್ತಿಕೊಂಡ ಹೆಸರು ಅದು. ಡೆಲ್ ಟ್ರಾಟರ್, ತಮ್ಮ ರಾಡ್ನಿ, ಮುದುಕ ನಾವಿಕ ಆಲ್ಬರ್ಟ್ ಇವರು ಪೆಕಮ್ಮಿನ ನೆಲ್ಸನ್ ಮಂಡೇಲಾ ಹೌಸ್ ಎಂಬ ಕೌನ್ಸಿಲ್ ಕಟ್ಟಡದಲ್ಲಿ, ಬಾಡಿಗೆ ಗೂಡಿನಲ್ಲಿ ಬದುಕುವವರು. ಮೂರು ಗಾಲಿಯ ಹಳೆ ವ್ಯಾನು. ಸಂತೆಯಲ್ಲಿ ಸೂಟ್‌ಕೇಸು ಬಿಚ್ಚಿ ಕೂಗಿ ಮಾರುವುದು, ಪೋಲೀಸಿನವನ ಟೋಪಿ ಕಂಡೊಡನೆ ಮುಚ್ಚಿಕೊಂಡು ಓಡುವುದು. ಮುಂದಿನ ವರ್ಷ ಲಕ್ಷಾಧೀಶ್ವರನಾಗುತ್ತೇನೆಂದು ಡೆಲ್ ಪ್ರತಿ ವರ್ಷವೂ ಹೇಳುತ್ತಾನೆ. ಈತನನ್ನು ಸೃಷ್ಟಿಸಿದ ಜಾನ್ ಸಲ್ಲಿವನ್ ದಕ್ಷಿಣ ಲಂಡನ್ನಿನ ಕೊಳಾಯಿ ಕೆಲಸಗಾರನ ಮಗ, ಹದಿನೈದನೆಯ ವಯಸ್ಸಿಗೇ ಶಾಲೆ ಬಿಟ್ಟವನು. ಆದುದರಿಂದ ಈ ಜನರನ್ನು ಮಹಡಿಯ ಮೇಲಿನಿಂದ ನೋಡಿ ಬರೆದವನಲ್ಲ.

1989ರ ಜನವರಿಯಲ್ಲಿ ಬಂದ ‘ಚೈನ್ ಗ್ಯಾಂಗ್’ ಎಂಬ ಕಂತಿನಲ್ಲಿ ಡೆಲ್‌ಗೆ ಆರ್ನಿ ಎಂಬ ನಿವೃತ್ತ ಚಿನ್ನದ ವ್ಯಾಪಾರಿಯ ಪರಿಚಯವಾಗುತ್ತದೆ. ಸಭ್ಯ ಮುದುಕ, ಹೃದಯ ದುರ್ಬಲ, ವ್ಯಾಪಾರ ಬಿಡೆಂದು ಹೆಂಡತಿಯ ಕಟ್ಟಪ್ಪಣೆ. ಅವನ ಕೈಯಲ್ಲಿ ಚಿನ್ನದ ಸರಗಳ ಒಂದು ಗಂಟು ಉಳಿದುಬಿಟ್ಟಿದೆ, ಕೊಳ್ಳಬೇಕಾಗಿದ್ದ ಗಿರಾಕಿ ಸಿಕ್ಕುತ್ತಿಲ್ಲ, ಅಗ್ಗಕ್ಕೆ ಕೊಟ್ಟುಬಿಡುತ್ತಾನೆ. ಡೆಲ್ ಒಬ್ಬನಿಂದ ಅಷ್ಟು ಹಣ ಹೊಂದುವುದಿಲ್ಲ. ಹಳೆ ಕಾರು ಮಾರುವ ಬಾಯ್ಸಿ, ಹೆಂಡದಂಗಡಿಯ ಮೈಕ್, ಬೀದಿ ಗುಡಿಸುವ ಟ್ರಿಗರ್, ಮನೆಯವರು, ಎಲ್ಲರೂ ಕೂಡಿ ಹಣ ಹಾಕುತ್ತಾರೆ. ಸರಗಳು ಕೈಸೇರುತ್ತವೆ. ಅಷ್ಟರಲ್ಲಿ ಮೊದಲಿನ ಗಿರಾಕಿ ಮತ್ತೆ ಕಾಣಿಸಿಕೊಂಡಿದ್ದಾನಂತೆ, ಹೆಚ್ಚು ಬೆಲೆ ಕೊಡುತ್ತಾನಂತೆ! ಮಾರಿಕೊಡುವ ಕೆಲಸಕ್ಕೆ ಸರಗಳ ಪೆಟ್ಟಿಗೆಯನ್ನು ಮತ್ತೆ ಆರ್ನಿಯ ಕೈಗೇ ಕೊಡುತ್ತಾರೆ. ಗಿರಾಕಿಯನ್ನು ಕಾಣಬೇಕಾದ ಹೋಟೆಲಿನಲ್ಲಿ ಆರ್ನಿ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ಆಂಬುಲೆನ್ಸು ಬರುತ್ತದೆ, ಅವನನ್ನೂ ಪೆಟ್ಟಿಗೆಯನ್ನೂ ಒಯ್ಯುತ್ತದೆ. ಇವರು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಂಥ ರೋಗಿಯೇ ಇಲ್ಲ. ಆಂಬುಲೆನ್ಸೇ ಅವನ ಕಡೆಯದು!

ಈಗ ಹೇಳಿ: ಇಲ್ಲಿ ಕೆಲಸ ಮಾಡಿದ್ದು ಆಸೆಯೊಂದೇ ಏನು?

ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಅಗ್ಗದ ಚಿನ್ನವೆಂದರೆ ಯಾರ ಬಾಯಲ್ಲಿ ನೀರೂರದು? ಆದರೆ ಆಸೆಯಿಂದ ಮೋಸ ಅರ್ಧ ದಾರಿಯವರೆಗೆ ಮಾತ್ರ ನಡೆಯಿತು. ಸರಗಳು ಇವರ ಕೈಗೆ ಬಂದೇ ಇದ್ದವು. ಉಳಿದ ಅರ್ಧ ದಾರಿಯನ್ನು ನಡೆಸಿದ್ದು ನಂಬಿಕೆ. ಕಾಯಿಲೆಯ ಮುದುಕನ ಮೇಲೆ ಅನುಮಾನ ಪಡಬಾರದೆಂಬ ದಾಕ್ಷಿಣ್ಯ; ಗೆಳೆಯ ಹಣ ಹಾಕಿದ್ದಾನೆ, ನಾನೂ ಹಾಕುತ್ತೇನೆ ಎಂಬ ಕೂಡುಬಾಳಿನ ಅಭ್ಯಾಸ; ಕಡೆಯದಾಗಿ, ಆಂಬುಲೆನ್ಸಿಗೆ ದಾರಿ ಬಿಡಬೇಕೆಂಬ ಮನುಷ್ಯತ್ವ. ಎದುರಿಗೆ ಒಬ್ಬ ಸಾಯುತ್ತಿರುವಾಗ ಪೆಟ್ಟಿಗೆಯನ್ನು ಕಿತ್ತುಕೊಳ್ಳುವಷ್ಟು ನಾಚಿಕೆಗೆಟ್ಟವನಿದ್ದಿದ್ದರೆ ಆ ದಿನ ಮೋಸ ಹೋಗುತ್ತಿರಲಿಲ್ಲ. ಠಕ್ಕ ಲೆಕ್ಕ ಹಾಕಿದ್ದು ಇವರ ದುರ್ಗುಣವನ್ನಲ್ಲ. ಇವರು ಅಷ್ಟು ಕೆಟ್ಟವರಲ್ಲವೆಂಬುದನ್ನೇ ಅವನು ಲೆಕ್ಕ ಹಾಕಿದ್ದು.

ಇನ್ನೊಂದು ಸಂಗತಿ. ಬ್ಯಾಂಕಿನ ಮ್ಯಾನೇಜರನು ಚಹಾ ಕೊಟ್ಟು ಕೂರಿಸುವ ವರ್ತಕನಾಗಿದ್ದರೆ ಆರ್ನಿ ಹತ್ತಿರ ಸುಳಿಯುತ್ತಿರಲಿಲ್ಲ. ವಕೀಲ, ಕರಾರು, ವಿಮೆ, ರಸೀತಿ, ಈ ನಾಲ್ಕು ಗೋಡೆಗಳ ಒಳಗೆ ವ್ಯಾಪಾರ ಮಾಡುವವನ ಮೇಲೆ ಇಂಥ ಆಟ ಸಾಗದು. ಡೆಲ್‌ನ ವ್ಯಾಪಾರ ನಡೆಯುವುದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ. ಪೋಲೀಸಿನವನೆಂದರೆ ಅವನ ಪಾಲಿಗೆ ಸಂತೆಯಲ್ಲಿ ಅಟ್ಟಿಸಿಕೊಂಡು ಬರುವವನು. ಕಳೆದುಹೋದದ್ದನ್ನು ಹುಡುಕಿಕೊಡುವವನೆಂದು ಅವನಿಗೆ ಯಾರೂ ಕಲಿಸಿಲ್ಲ. ಕಾನೂನಿನ ನೆರಳಿಲ್ಲದ ಬಯಲಿನಲ್ಲಿ ಬೇಟೆಯಾಡುವುದು ಸುಲಭ. ಡೆಲ್ ತೆರಿಗೆ ಕೊಡುವುದಿಲ್ಲವಲ್ಲ ಎಂದು ದೊಡ್ಡ ಮನುಷ್ಯರು ಬೆರಳೆತ್ತುತ್ತಾರೆ. ಕೊಡುವುದಿಲ್ಲ, ನಿಜ. ಅದನ್ನು ನಾವು ಸದ್ಗುಣವೆಂದು ಹಾಡಿ ಹೊಗಳುವುದಿಲ್ಲ. ಆದರೆ 1979ರಲ್ಲಿ ಶ್ರೀಮತಿ ಥ್ಯಾಚರ್ ಅಧಿಕಾರಕ್ಕೆ ಬಂದ ಕೂಡಲೇ ಕೊಳ್ಳುವವರೆಲ್ಲರೂ ತೆರುವ ವ್ಯಾಟ್ ತೆರಿಗೆಯನ್ನು ಶೇಕಡಾ 15ಕ್ಕೆ ಏರಿಸಿದರು. ದೊಡ್ಡ ಆದಾಯದ ಮೇಲಿನ ಮೇಲ್ದರದ ತೆರಿಗೆಯನ್ನು 83ರಿಂದ 60ಕ್ಕೆ, 1988ರಲ್ಲಿ 60ರಿಂದ 40ಕ್ಕೆ ಇಳಿಸಿದರು. ಸಿರಿವಂತನಿಗೆ ತೆರಿಗೆ ತಪ್ಪಿಸಿಕೊಳ್ಳಲು ಸೂಟ್‌ಕೇಸು ಮುಚ್ಚಿಕೊಂಡು ಓಡುವ ಶ್ರಮವಿರಲಿಲ್ಲ. ಅವನಿಗಾಗಿ ಪಾರ್ಲಿಮೆಂಟೇ ಓಡಿತು!

ಮತ್ತೆ ಆ ಆಂಬುಲೆನ್ಸಿಗೆ ಬರೋಣ, ಏಕೆಂದರೆ ಕಥೆಯ ಕೀಲು ಅಲ್ಲಿದೆ. ಆರ್ನಿ ಬ್ಯಾಂಕಿನ ಕಾಗದ ತೋರಿಸಲಿಲ್ಲ, ಪೋಲೀಸು ವೇಷದವರನ್ನು ಕರೆತರಲಿಲ್ಲ. ಹಾಗೆ ಮಾಡಿದ್ದರೆ ಪೆಕಮ್ಮಿನ ಜನ ಕೂಡಲೇ ಕಿವಿ ನಿಮಿರಿಸುತ್ತಿದ್ದರು. ಅವನು ತರಿಸಿದ್ದು ಆಂಬುಲೆನ್ಸು. ಬಡಬಗ್ಗರು ರಸೀತಿ ಕೇಳದೆ, ಹಣ ಎಣಿಸದೆ, ನೀನು ಯಾರೆಂದು ವಿಚಾರಿಸದೆ ನಂಬುವ ವಸ್ತು ಆ ದೇಶದಲ್ಲಿ ಅದೊಂದೇ. ಆ ನಂಬಿಕೆ ಆಕಾಶದಿಂದ ಉದುರಿದ್ದಲ್ಲ. ಗಣಿ ಕೂಲಿಗಾರನಾಗಿ ಬೆಳೆದು ಮಂತ್ರಿಯಾದ ಅನ್ಯೂರಿನ್ ಬೆವನ್ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದಂದಿನಿಂದ ನಲವತ್ತು ವರ್ಷ, ಕರೆದಾಗಲೆಲ್ಲ ಬಂದು ಬಂದು, ಆ ಬಂಡಿ ಗಳಿಸಿದ ನಂಬಿಕೆ ಅದು. ಸಾರ್ವಜನಿಕರ ಈ ಗಂಟನ್ನು ಠಕ್ಕ ಒಂದು ಸಂಜೆಯ ಮಟ್ಟಿಗೆ ಕದ್ದು ತಂದ. ಅವನ ಅಪರಾಧ ಇದೇ. ಸರಗಳ ಬೆಲೆ ಇದರ ಮುಂದೆ ಸಣ್ಣದು.

ಹಾಗಾದರೆ ಅದೇ ಗಂಟಿಗೆ ಕೈಹಾಕಿದ ಇನ್ನಿತರರನ್ನು ಏನೆನ್ನಬೇಕು? ಈ ಕಂತು ಪ್ರಸಾರವಾದ ತಿಂಗಳಿನ ಕೊನೆಯ ದಿನ, 1989ರ ಜನವರಿ 31ರಂದು, ಥ್ಯಾಚರ್ ಸರ್ಕಾರ ‘ವರ್ಕಿಂಗ್ ಫಾರ್ ಪೇಷೆಂಟ್ಸ್’ ಎಂಬ ಶ್ವೇತಪತ್ರವನ್ನು ಹೊರತಂದಿತು. ಹೆಸರು ಎಷ್ಟು ಚೆನ್ನ! ರೋಗಿಗಳಿಗಾಗಿ ದುಡಿಯುವುದಂತೆ. ಒಳಗೆ ಇದ್ದದ್ದೇನು? ಆರೋಗ್ಯ ಸೇವೆಯೊಳಗೇ ಒಂದು ಸಂತೆ: ಒಂದು ಕಡೆ ಕೊಳ್ಳುವವರು, ಇನ್ನೊಂದು ಕಡೆ ಮಾರುವವರು, ಆಸ್ಪತ್ರೆಗಳು ಒಂದರೊಡನೊಂದು ಪೈಪೋಟಿ ಮಾಡತಕ್ಕದ್ದು. 1990ರ ಶಾಸನದ ಮೂಲಕ, 1991ರ ಏಪ್ರಿಲಿನಿಂದ, ಆ ಸಂತೆ ಕೂಡಿಯೇ ಬಿಟ್ಟಿತು. ಮೇಲೆ ಅದೇ ಹಲಗೆ, ಅದೇ ಬಿಳಿ ಬಂಡಿ, ಒಳಗೆ ಬೇರೆ ವ್ಯವಹಾರ. ಆರ್ನಿಯ ಬಂಡಿಯ ಬಗ್ಗೆಯೂ ಹೇಳಬಹುದಾದದ್ದು ಇಷ್ಟೇ ಅಲ್ಲವೇ?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಜವಾದ ಆಂಬುಲೆನ್ಸು ನೌಕರರು ಸಂಬಳದ ವಿಷಯದಲ್ಲಿ ಚಳುವಳಿ ಹೂಡಿದರು. ಶೇಕಡಾ 6.5ರ ಏರಿಕೆಯನ್ನು ಅವರು ಒಪ್ಪಲಿಲ್ಲ. ಪೋಲೀಸರಿಗೂ ಬೆಂಕಿ ಆರಿಸುವವರಿಗೂ ಇದ್ದಂತೆ ತಮಗೂ ಸಂಬಳ ನಿಗದಿಯಾಗುವ ಒಂದು ಕ್ರಮ ಬೇಕೆಂದರು. ಅನೇಕ ಕಡೆ ಅವರ ಸಂಬಳವನ್ನು ತಡೆಹಿಡಿದರು. ಹಾಗಿದ್ದೂ ಸಂಬಳವಿಲ್ಲದೆ ತುರ್ತು ಕರೆಗಳಿಗೆ ಓಡಿದವರುಂಟು. ಲಂಡನ್ನಿನ ಬೀದಿಗೆ ಸರ್ಕಾರ ಸೈನ್ಯದ ಬಂಡಿಗಳನ್ನು ಇಳಿಸಿತು. ಜನರು ಏನು ಮಾಡಿದರು? ಬೀದಿಬೀದಿಯಲ್ಲಿ ಬಕೆಟ್ಟುಗಳಿಗೆ ಕಾಸು ಹಾಕಿದರು, ಮನವಿಗೆ ಸಹಿ ಹಾಕಿದರು. ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ ಹೋದ ಆ ಮನವಿಯಲ್ಲಿ 40 ಲಕ್ಷಕ್ಕೂ ಮೇಲ್ಪಟ್ಟು ಸಹಿಗಳಿದ್ದುವು. ಚಿಲ್ಲರೆ ವ್ಯಾಪಾರಿಗಳು ನಂಬಿದ್ದು ಹುಚ್ಚು ನಂಬಿಕೆಯಲ್ಲ, ಇಡೀ ದೇಶ ನಂಬಿದ್ದನ್ನೇ ಅವರೂ ನಂಬಿದರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಇನ್ನು ಆಸೆಯ ಮಾತು. ಆಸೆಯಿಲ್ಲದ, ಎಚ್ಚರಿಕೆಯ, ಲೆಕ್ಕಪತ್ರದ ಜನ ಮೋಸ ಹೋಗುವುದಿಲ್ಲವೇನು? ಬಾರ್ಲೋ ಕ್ಲೌಸ್ ಎಂಬ ಸಂಸ್ಥೆ 1988ರಲ್ಲಿ ಕುಸಿದುಬಿತ್ತು. ಅದರಲ್ಲಿ ಹಣವಿಟ್ಟಿದ್ದವರು ಸುಮಾರು 18,000 ಮಂದಿ, ಬಹಳ ಮಂದಿ ನಿವೃತ್ತರು. ಅವರು ಜೂಜು ಆಡಲಿಲ್ಲ. ನಮ್ಮ ಹಣ ಸರ್ಕಾರಿ ಸಾಲಪತ್ರಗಳಲ್ಲಿ ಭದ್ರವಾಗಿದೆಯೆಂದು ನಂಬಿದರು. ಲೋಕದಲ್ಲಿ ಇದಕ್ಕಿಂತ ಸಪ್ಪೆಯಾದ, ಆಸೆಯಿಲ್ಲದ ಹೂಡಿಕೆ ಇದೆಯೆ? ಮೇಲಾಗಿ ಸಂಸ್ಥೆಗೆ ಸರ್ಕಾರದ ವ್ಯಾಪಾರ ಇಲಾಖೆಯ ಪರವಾನಗಿ ಇತ್ತು. ಆ ಹಣ ಹೋದದ್ದಾದರೂ ಎಲ್ಲಿಗೆ? ವಿಹಾರದ ಹಡಗಿಗೆ, ವಿಮಾನಕ್ಕೆ, ಫ್ರಾನ್ಸಿನ ಬಂಗಲೆಗೆ. ಪರವಾನಗಿ ಕೊಟ್ಟ ಇಲಾಖೆಯ ಆಡಳಿತದಲ್ಲಿ ಲೋಪಗಳಿದ್ದವೆಂದು ಪಾರ್ಲಿಮೆಂಟಿನ ಓಂಬುಡ್ಸ್‌ಮನ್ ವರದಿ ಮಾಡಿದ ಮೇಲೆ, 1989ರ ಡಿಸೆಂಬರಿನಲ್ಲಿ ಸರ್ಕಾರ ಸುಮಾರು 15 ಕೋಟಿ ಪೌಂಡು ಪರಿಹಾರ ಕೊಡಲೊಪ್ಪಿತು. ಆಂಬುಲೆನ್ಸಿನವರ ಮನವಿ ಪಾರ್ಲಿಮೆಂಟಿನ ಬಾಗಿಲಲ್ಲಿ ನಿಂತ ತಿಂಗಳೂ ಅದೇ. ಸಂಸ್ಥೆಯ ಒಡೆಯ ಪೀಟರ್ ಕ್ಲೌಸ್‌ಗೆ 1992ರಲ್ಲಿ ಹತ್ತು ವರ್ಷ ಸಜೆಯಾಯಿತು.

ಸ್ವಾಮಿ, ಆ 18,000 ಮಂದಿಯನ್ನು ಯಾರೂ “ಆಸೆಬುರುಕರಿಗೆ ತಕ್ಕ ಶಾಸ್ತಿ” ಎಂದು ಗೇಲಿ ಮಾಡಲಿಲ್ಲ. ಮಾಡಲೂ ಬಾರದು. ಅವರಿಗೆ ಪರಿಹಾರ ಸಿಕ್ಕಿದ್ದು ನ್ಯಾಯವೇ. ನಾವು ಕೇಳುವುದು ಇಷ್ಟೇ: ಸರ್ಕಾರದ ಮುದ್ರೆಯನ್ನು ನಂಬಿ ಕಳೆದುಕೊಂಡ ಮಧ್ಯಮ ವರ್ಗದವನು ‘ನೊಂದ ಹೂಡಿಕೆದಾರ’ನಾಗುವಾಗ, ಆಂಬುಲೆನ್ಸಿನ ದೀಪವನ್ನು ನಂಬಿ ಕಳೆದುಕೊಂಡ ಬೀದಿ ಗುಡಿಸುವವನು ಮಾತ್ರ ‘ಆಸೆಬುರುಕ’ನಾಗುವುದು ಯಾವ ತಕ್ಕಡಿಯಲ್ಲಿ ತೂಗಿದ ನ್ಯಾಯ?

ಕಾಯಿಲೆಯ ಮಾತು ಬಂದದ್ದರಿಂದ ಇದೊಂದನ್ನು ನೆನೆಯದೆ ಇರಲಾಗುವುದಿಲ್ಲ. ಗಿನ್ನೆಸ್ ಕಂಪನಿಯ ಮುಖ್ಯಸ್ಥನಾಗಿದ್ದ ಅರ್ನೆಸ್ಟ್ ಸಾಂಡರ್ಸ್‌ಗೆ, 1986ರ ಷೇರು ಹಗರಣದ ಸಂಬಂಧವಾಗಿ, 1990ರಲ್ಲಿ ಐದು ವರ್ಷ ಸಜೆಯಾಯಿತು. ಅಪೀಲಿನಲ್ಲಿ, ಮರೆವಿನ ರೋಗವಿದೆಯೆಂದು ವೈದ್ಯರು ಹೇಳಿದ ಮೇಲೆ, ಸಜೆ ಅರ್ಧಕ್ಕಿಳಿಯಿತು, ಹತ್ತು ತಿಂಗಳಿಗೇ ಹೊರಬಂದ, ಅನಂತರ ಚೇತರಿಸಿಕೊಂಡ. ವೈದ್ಯರು ರೋಗವನ್ನು ತಪ್ಪಾಗಿ ಗುರುತಿಸಿರಬಹುದು. ಅವನು ನಟಿಸಿದನೆಂದು ನಾವು ಹೇಳುವುದಿಲ್ಲ, ಹೇಳಲು ಆಧಾರವೂ ಇಲ್ಲ. ಅವನ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂದು 1996ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ ಹೇಳಿತು, ಅದೂ ಇರಲಿ. ನಮ್ಮ ಕಣ್ಣಿಗೆ ಬೀಳುವುದು ಇಷ್ಟು: ದೊಡ್ಡವನ ಕಾಯಿಲೆಯನ್ನು ನಂಬಿದ ನ್ಯಾಯಾಧೀಶರನ್ನು ಯಾರೂ ಪೆದ್ದರೆನ್ನಲಿಲ್ಲ. ಡೆಲ್ ನಂಬಿದರೆ ಮಾತ್ರ ಪೆದ್ದ.

ನಮ್ಮವರಲ್ಲೇ ಕೆಲವರು ಬೇರೊಂದು ಆಕ್ಷೇಪ ಎತ್ತುತ್ತಾರೆ. ಡೆಲ್ ಥ್ಯಾಚರ್ ಯುಗದ ಕೂಸು, ಸಂಘವಿಲ್ಲ, ಒಗ್ಗಟ್ಟಿಲ್ಲ, ಲಾಭವೇ ದೇವರು. ಅಂಥವನ ಮೇಲೆ ಸಮಾಜವಾದಿಗಳಿಗೆ ಕನಿಕರವೇಕೆ ಎನ್ನುತ್ತಾರೆ. ಡೆಲ್ ಸಂಘಕ್ಕೆ ಸೇರುವ ಆಸಾಮಿಯಲ್ಲ, ಒಪ್ಪಿದೆವು. ಶ್ರೀಮಂತನಾಗುವ ಕನಸನ್ನು ಆ ಹತ್ತು ವರ್ಷ ಎಲ್ಲ ಗೋಡೆಗಳ ಮೇಲೂ ಬರೆದು ಅಂಟಿಸಿದವರು ಯಾರು? ಬ್ರಿಟಿಷ್ ಗ್ಯಾಸ್ ಕಂಪನಿಯನ್ನು ಮಾರುವಾಗ, 1986ರಲ್ಲಿ, ಸಿಡ್ ಎಂಬ ಸಾಮಾನ್ಯನಿಗೆ ಸುದ್ದಿ ಮುಟ್ಟಿಸಿ ಎಂದು ಊರೂರಿಗೆ ಜಾಹೀರಾತು ಹಚ್ಚಿ, ಜನರಿಗೆ ಜನರದೇ ಸ್ವತ್ತನ್ನು ಮಾರಿದವರು ಯಾರು? ಅದು ಒಳ್ಳೆ ವ್ಯಾಪಾರವೆಂದು ನಂಬಿಸಿದ ಸರ್ಕಾರದ ಕಾಲದಲ್ಲಿ ಡೆಲ್‌ಗೆ ಚಿನ್ನದ ಸರ ಒಳ್ಳೆ ವ್ಯಾಪಾರವೆಂದು ಕಂಡರೆ ಆಶ್ಚರ್ಯವೇನು? ಒಬ್ಬನಿಂದ ಆಗದ್ದಕ್ಕೆ ಆರು ಜನ ಕೂಡಿ ಕಾಸು ಹಾಕಿದರಲ್ಲ, ಆ ಕೂಟದಲ್ಲಿ ಒಗ್ಗಟ್ಟಿನ ಒಂದು ಕಿಡಿಯೂ ನಮ್ಮ ಮಿತ್ರರಿಗೆ ಕಾಣಲಿಲ್ಲವೆ? ಕೂಡಿದ್ದು ತಪ್ಪು ಕೆಲಸಕ್ಕೆ, ಅಷ್ಟೇ. ಸರಿಯಾದ ಕೆಲಸಕ್ಕೆ ಕೂಡಿರೆಂದು ಆ ನೆಲ್ಸನ್ ಮಂಡೇಲಾ ಹೌಸಿನ ಮೆಟ್ಟಿಲು ಹತ್ತಿ ಹೋಗಿ ಕರೆದವರು ನಮ್ಮಲ್ಲಿ ಎಷ್ಟು ಮಂದಿ?

ಕಂತಿನ ಕೊನೆಯನ್ನೂ ನೋಡಿ. ಆರ್ನಿ ಅದೇ ಆಟವನ್ನು ಇನ್ನೊಂದು ಗುಂಪಿನ ಮೇಲೆ ಹೂಡುತ್ತಾನೆ. ಈ ಸಲ ಯಾರ ಮೇಲೆ? ಲಾರಿ ಓಡಿಸುವ ಡೆನ್‌ಜಿಲ್ ಮತ್ತು ಅವನ ಅಣ್ಣತಮ್ಮಂದಿರ ಮೇಲೆ. ಮತ್ತೆ ದುಡಿಯುವವರು, ಮತ್ತೆ ಒಂದು ಕುಟುಂಬದ ಕೂಡಿಟ್ಟ ಹಣ, ಮತ್ತೆ ಎದೆನೋವು. ಒಮ್ಮೆ ಮೋಸ ಹೋದ ಡೆಲ್‌ಗೆ ಆಗ ಗುಟ್ಟು ಹೊಳೆದಿರುತ್ತದೆ. ಪೋಲೀಸರನ್ನು ಕರೆಯಬೇಕೆಂದು ಮಾತ್ರ ಆಗಲೂ ಹೊಳೆಯುವುದಿಲ್ಲ.