ಹಲ್ಲಿನ ಬೇರಿಗೆ ಗಟ್ಟಿ ಅಂಟೊಂದೇ ಸಾಲದು

ರೂಟ್ ಕೆನಾಲ್ ಮಾಡಿಸಿಕೊಂಡವರ ಕಣ್ಣಿಗೆ ಬೀಳುವುದು ಕ್ಯಾಪ್ ಮಾತ್ರ. ಒಳಗೆ, ಸೋಂಕು ತಗುಲಿದ ನರ ತೆಗೆದು ತೊಳೆದ ನಾಳದಲ್ಲಿ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಕಡ್ಡಿ ಕೂತಿರುತ್ತದೆ. ಅದು ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಕಡ್ಡಿಗೂ ಡೆಂಟಿನ್ ಗೋಡೆಗೂ ನಡುವಿನ ಸಂದು ಮುಚ್ಚುವುದು ಸೀಲರ್.

ಈ ಹಿಡಿತವನ್ನು ಅಳೆಯಲು ಪ್ರಯೋಗಾಲಯದಲ್ಲಿ ಕಿತ್ತ ಹಲ್ಲಿನ ಬೇರನ್ನು ಸುಮಾರು 1 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದು, ತುಂಬಿದ್ದನ್ನು ಹೊರಗೆ ತಳ್ಳಿ ನೋಡುತ್ತಾರೆ. ಇದೇ ಪುಶ್-ಔಟ್ ಪರೀಕ್ಷೆ. ಎಪಾಕ್ಸಿ ರೆಸಿನ್‌ನ ಎಎಚ್ ಪ್ಲಸ್ ಎಂಬ ಸೀಲರ್ ಇಂಥ ಪರೀಕ್ಷೆಗಳಲ್ಲಿ ವರ್ಷಗಳಿಂದ ಹೋಲಿಕೆಯ ಅಳತೆಗೋಲು. ಪರೀಕ್ಷೆ ಬೇಕು, ನಿಜ. ಆದರೆ ಅದರ ಅಂಕಿಯನ್ನೇ ಮುಂದಿಟ್ಟು ಸೀಲರ್ ಮಾರುವುದು ತಪ್ಪು.

ನಾಳ ತುಂಬಲು ಬಂದ ರೆಸಿಲಾನ್ ಎಂಬ ರೆಸಿನ್ ಆಧಾರಿತ ವಸ್ತು ಕಲಿಸಿದ ಪಾಠವೇ ಇದಕ್ಕೆ ಸಾಕ್ಷಿ. ಕಡ್ಡಿ, ಸೀಲರ್, ಡೆಂಟಿನ್ ಮೂರೂ ಬೆಸೆದು ಒಂದೇ ದಿಮ್ಮಿಯಾಗುತ್ತವೆ, ಬೇರು ಬಲಗೊಳ್ಳುತ್ತದೆ ಎಂಬ ಭರವಸೆಯೊಂದಿಗೆ ಅದು 2004ರ ಸುಮಾರಿಗೆ ಬಂತು. ಮುಂದೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಗಟ್ಟಾ ಪರ್ಚಾಕ್ಕಿಂತ ಅದೇ ಹೆಚ್ಚು ವಿಫಲವಾಗಿದ್ದು ಕಂಡಿತು. ಈಗ ಅದು ಮಾರುಕಟ್ಟೆಯಲ್ಲಿಲ್ಲ.

ಕಾರಣ ನಾಳದ ಆಕಾರದಲ್ಲೇ ಇದೆ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಗೋಡೆಗೆ ಅಂಟಿದ ಮೈಗೂ ಅಂಟದೆ ಬಿಡುವಾಗಿರುವ ಮೈಗೂ ಇರುವ ಅನುಪಾತ ಸಾಮಾನ್ಯ ಫಿಲ್ಲಿಂಗ್‌ನಲ್ಲಿ 1ರಿಂದ 5ರಷ್ಟು. ಉದ್ದನೆಯ, ಕಿರಿದಾದ ನಾಳದಲ್ಲಿ 1,000ವನ್ನೂ ದಾಟಬಹುದು. ಕುಗ್ಗುವ ಸೆಳೆತಕ್ಕೆ ಸಡಿಲವಾಗಲು ಜಾಗವಿಲ್ಲದೆ ಅಂಟು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮೇಲಾಗಿ, ಕ್ರಿಮಿ ಕೊಲ್ಲಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್ ಡೆಂಟಿನ್‌ನಲ್ಲಿ ಉಳಿಸುವ ಆಮ್ಲಜನಕ ಇಂಥ ರೆಸಿನ್ ಪೂರ್ತಿ ಗಟ್ಟಿಯಾಗದಂತೆ ತಡೆಯುತ್ತದೆ. ಹಾಗೆಂದು ತೊಳೆಯುವುದನ್ನು ಬಿಡಲಾದೀತೇ?

ಇಂದು ಬಯೋಸೆರಾಮಿಕ್ ಸೀಲರ್‌ಗಳ ಕಾಲ. ಡೆಂಟಿನ್‌ನ ತೇವವನ್ನೇ ಬಳಸಿಕೊಂಡು ಗಟ್ಟಿಯಾಗುವ ಈ ಕ್ಯಾಲ್ಸಿಯಂ ಸಿಲಿಕೇಟ್ ವಸ್ತುಗಳು ಆಶಾದಾಯಕ. ಆದರೂ ರೋಗಿಗಳ ಬಾಯಲ್ಲಿ ವರ್ಷಗಳ ಕಾಲ ಬಾಳಿದ ದಾಖಲೆಯನ್ನು ತಯಾರಕರಿಂದ ವೈದ್ಯರು ಕೇಳಲೇಬೇಕು.

ಸೀಲರ್ ಒಂದೇ ಎಲ್ಲವೂ ಅಲ್ಲ. 1995ರಲ್ಲಿ ರೇ ಮತ್ತು ಟ್ರೋಪ್ ಎಂಬ ಸಂಶೋಧಕರು 1,010 ಹಲ್ಲುಗಳ ಎಕ್ಸ್‌-ರೇ ಪರಿಶೀಲಿಸಿ, ಬೇರಿನ ಆರೋಗ್ಯಕ್ಕೆ ಮೇಲಿನ ಫಿಲ್ಲಿಂಗ್‌ನ ಗುಣಮಟ್ಟವೂ ಬಹಳ ಮುಖ್ಯ ಎಂದು ತೋರಿಸಿದರು. ಹಾಗಾಗಿ ರೋಗಿಗಳು ಸೀಲರ್‌ನ ಬ್ರಾಂಡ್‌ಗಿಂತ ಮೊದಲು ಎರಡು ವಿಷಯ ವಿಚಾರಿಸಲಿ: ಎಂಜಲು ಒಳಗೆ ಹೋಗದಂತೆ ರಬ್ಬರ್ ಡ್ಯಾಮ್ ಹಾಕುತ್ತಾರೆಯೇ, ತಾತ್ಕಾಲಿಕ ಸಿಮೆಂಟ್ ತೆಗೆದು ಶಾಶ್ವತ ಫಿಲ್ಲಿಂಗ್ ಅಥವಾ ಕ್ಯಾಪ್ ಹಾಕುವುದು ಯಾವಾಗ. ನೋವು ಹೋಯಿತೆಂದು ಆ ಕೊನೆಯ ಭೇಟಿಯನ್ನು ಯಾರೂ ತಪ್ಪಿಸಬಾರದು.