ಎಳನೀರು ಕುಡಿಸಿ ಅಂದವರಿಗೆ...

ಅಮ್ಮನ ಕಾಲಲ್ಲಿ ಶಕ್ತಿಯೇ ಇಲ್ಲ ಅಂತ ಆಸ್ಪತ್ರೆಗೆ ಸೇರಿಸಿದ್ವಿ. ಪೊಟ್ಯಾಸಿಯಂ 2.7. ಇರಬೇಕಾದ್ದು 3.5ರಿಂದ 5. ಡ್ರಿಪ್ ಹಾಕಿದ್ರು, ಸಿರಪ್ ಕೊಟ್ರು, 'ದಿನಾ ಎಳನೀರು, ಬಾಳೆಹಣ್ಣು ಕೊಡಿ' ಅಂತ ಮನೆಗೆ ಕಳಿಸಿದ್ರು. ಎರಡೇ ತಿಂಗಳು, ಮತ್ತೆ ಅದೇ ವಾರ್ಡು!

ಅಲ್ಲಾ ಸ್ವಾಮಿ, ತೂತು ಕೊಡಕ್ಕೆ ನೀರು ಹೊಯ್ಯೋದಾ ಚಿಕಿತ್ಸೆ ಅಂದ್ರೆ? ತೂತು ಎಲ್ಲಿದೆ ಅಂತ ನೋಡೋದು ಬೇಡವಾ? ಅಮ್ಮನ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇತ್ತು. ಪೊಟ್ಯಾಸಿಯಂ ಮೂತ್ರದಲ್ಲಿ ಹೋಗೋ ಹಾಗೆ ಮಾಡೋ ಔಷಧ. ಡಿಸ್ಚಾರ್ಜ್ ಚೀಟಿಯಲ್ಲೂ ಅದೇ ಮಾತ್ರೆ, ಅದರ ಕೆಳಗೇ ಸಿರಪ್ಪು! ಮೆಗ್ನೀಸಿಯಂ ಅಂತೂ ಯಾರೂ ನೋಡಿರಲಿಲ್ಲ. ಅದು ಕಡಿಮೆ ಇದ್ರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಕಿಡ್ನಿ ಉಳಿಸಿಕೊಳ್ಳೋಲ್ಲ.

ಇನ್ನು ಬಾಳೆಹಣ್ಣು. ಒಂದರಲ್ಲಿ ಸುಮಾರು 400 ಮಿಲಿಗ್ರಾಂ. 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಅದರ ಎರಡರಷ್ಟಿದೆ. ಮೇಲಾಗಿ ಇಂಥ ಮಾತ್ರೆಯಿಂದ, ವಾಂತಿಯಿಂದ ಕ್ಲೋರೈಡೂ ಹೋಗಿರುತ್ತೆ, ಹಣ್ಣಲ್ಲಿ ಅದು ಅಷ್ಟಾಗಿ ಇರೋಲ್ಲ. (ಕಿಡ್ನಿ ಕೆಟ್ಟವರು ಎಳನೀರು ಕುಡಿದು ಪೊಟ್ಯಾಸಿಯಂ ಏರಿಸಿಕೊಳ್ಳೋದು ಬೇರೆಯೇ ಕತೆ.)

ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಡಿಮೆ, ಎರಡೂ ಒಟ್ಟಿಗಿದ್ರೆ ಅಡ್ರಿನಲ್ ಗ್ರಂಥಿ ಆಲ್ಡೋಸ್ಟೀರಾನ್ ಹೆಚ್ಚು ಸುರಿಸ್ತಿರಬಹುದು. ರೆನಿನ್ ಜೊತೆ ಅದನ್ನ ಅಳೆಯೋಕೆ ರಕ್ತಪರೀಕ್ಷೆ ಇದೆ. ಎರಡನೇ ಸಲ ನಾನೇ ಕೇಳಿದೆ. 'ಗೂಗಲ್ ಡಾಕ್ಟ್ರಾ ನೀವು?' ಅಂದ್ರು. ನಗೋ ಸ್ಥಿತಿಯಲ್ಲಿ ನಾನಿರಲಿಲ್ಲ.

ಮಾತ್ರೆಯೇನೋ ಬದಲಾಯ್ತು. ಪರೀಕ್ಷೆ ಬರೆಸಿಕೊಳ್ಳೋಕೆ ಬೇರೆ ಡಾಕ್ಟ್ರ ಹತ್ರ ಹೋಗಬೇಕಾಯ್ತು. ನಾಳಿದ್ದು ರಿಪೋರ್ಟು.