ತಂಗಿಯ ಲ್ಯಾಪ್‌ಟಾಪ್

ಎಂಜಿನಿಯರಿಂಗ್ ಸೇರಿದ ತಂಗಿಯ ಲ್ಯಾಪ್‌ಟಾಪಿಗೆ ಅಪ್ಪ ಕೊಟ್ಟಿದ್ದು 30 ಸಾವಿರ. "ಬಸ್ಸಲ್ಲಿ ನಿಂತ್ಕೊಂಡೇ ಹೋಗ್ಬೇಕು ಕಣೋ ಅಣ್ಣ, ಹಗುರ ಇರೋದು ನೋಡು" ಅಂದಳು. ಅಂಗಡಿಯಲ್ಲಿ ತೆಳ್ಳಗಿನದೊಂದು ಅವಳಿಗೆ ಹಿಡಿಸಿತು. ಆದರೆ 8 ಜಿಬಿ ರ‍್ಯಾಮ್, ಅದೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದು. ಮುಂದೆ ಹೆಚ್ಚಿಸೋ ಹಾಗಿಲ್ಲ. ಬೇಡ ಅಂದೆ. ಮುಖ ಊದಿಸಿಕೊಂಡಳು.

ಕೊನೆಗೆ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಸಿಕ್ಕಿತು. ತೂಕ ಸುಮಾರು 1.6 ಕೆಜಿ, ರ‍್ಯಾಮ್‌ಗೆ 2 ಸ್ಲಾಟ್. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೇದು ಕೊಳ್ಳಬೇಡಿ, ವಿಂಡೋಸ್ 11ಕ್ಕೆ ಅದು ಬೇಕು. ಇದ್ದ 8 ಜಿಬಿ ಜೊತೆ ಇನ್ನೊಂದು 8 ನಾನೇ ಕೂರಿಸಿದೆ. ಅಪ್ಪನಿಗೆ 3 ಸಾವಿರ ವಾಪಸ್ಸು ಹೋಯಿತು.

"ಅಜ್ಜನ ಕಾಲದ್ದು" ಅಂತ ತಂಗಿ ಈಗಲೂ ಗೊಣಗ್ತಾಳೆ. ಬ್ಯಾಟರಿ ಮಾತ್ರ ಸೊರಗಿದೆ. ಹಿಂದಿನದು ಕಳಚಿ ಹಾಕೋ ಥರದ್ದು, ಸಂಬಳ ಬಂದಮೇಲೆ ಬದಲಿಸಬೇಕು.